ನಾನು ಬರೀ ನೀರು ಸ್ವಾಮಿ!

ದಾವಣಗೆರೆಯ ನಿವೃತ್ತ ಹೆಡ್‌ಮಾಸ್ತರೊಬ್ಬರ ಬಲ ಮೂತ್ರಪಿಂಡದಲ್ಲಿ ಇವರ ವಾಸ. ಹೆಸರು ಸಿಸ್ಟ್, ಮನೆಯವರ ಬಾಯಲ್ಲಿ 'ಆ ಗುಳ್ಳೆ'. ಅಳತೆ 28 ಮಿಲಿಮೀಟರ್. ನ್ಯೂಜೆರ್ಸಿಯ ಮಗ ಅಪ್ಪ-ಅಮ್ಮನಿಗೆ 'ದಂಪತಿ ಪ್ಯಾಕೇಜ್' ತಪಾಸಣೆ ಮಾಡಿಸಿದಂದಿನಿಂದ ಬೀಗರ ಬಳಗದಲ್ಲೆಲ್ಲ ಇವರದೇ ಮಾತು. ಮೇಷ್ಟ್ರು ಎರಡನೇ ಸಲ ಸ್ಕ್ಯಾನಿಂಗಿಗೆ ಬಂದು, 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕದ ಕೆಳಗೆ ಅಂಗಿ ಎತ್ತಿ ಮಲಗಿದ್ದಾಗ ಗುಳ್ಳೆಯವರು ಮಾತಿಗೆ ಸಿಕ್ಕರು.

ಹಠಾತ್ತನೆ ಬಂದ ಖ್ಯಾತಿ ಹೇಗನ್ನಿಸುತ್ತಿದೆ?

ನಾಚಿಕೆಯಾಗುತ್ತೆ. ನೋವಿಲ್ಲ, ಉರಿಯಿಲ್ಲ, ವರ್ಷಗಟ್ಟಲೆ ನನ್ನ ಪಾಡಿಗೆ ನಾನಿದ್ದೆ. ಐವತ್ತು ದಾಟಿದವರ ಹೊಟ್ಟೆ ಮೇಲೆ ಯಂತ್ರ ಆಡಿಸಿದರೆ ನಮ್ಮಂಥವರು ಸಿಗೋದು ತಲೆಯಲ್ಲಿ ನರೆಗೂದಲು ಸಿಕ್ಕಷ್ಟೇ ಸಹಜ. ನರೆಗೆ ಯಾರಾದರೂ ನ್ಯೂಜೆರ್ಸಿಗೆ ಫೋನು ಮಾಡ್ತಾರಾ?

28 ಅಂತ ಕೇಳಿ ಬೀಗರು ಬೆವೆತರಂತೆ.

ದಾವಣಗೆರೆಯಲ್ಲಿ ಮಿಲಿಮೀಟರ್ ಆಗಿದ್ದವನು ಫೋನಿನಲ್ಲಿ ಹಾವೇರಿ ತಲುಪೋ ಹೊತ್ತಿಗೆ ಸೆಂಟಿಮೀಟರ್ ಆಗಿದ್ದೆ. ಮೂತ್ರಪಿಂಡದ ಉದ್ದವೇ ಹತ್ತು ಹನ್ನೆರಡು ಸೆಂಟಿಮೀಟರ್. ಅದರೊಳಗೆ 28 ಸೆಂಟಿಮೀಟರಿನ ನಾನು ಕೂರಬೇಕಾದರೆ ಮೇಷ್ಟ್ರು ಮನೆ ಹೊರಗೆ ನಿಲ್ಲಬೇಕಾಗುತ್ತೆ.

ಅಸಲಿಗೆ ನೀವು ಯಾರು?

ಮೂತ್ರಪಿಂಡದಲ್ಲಿ ಲಕ್ಷಾಂತರ ಸಣ್ಣ ನಳಿಕೆಗಳಿವೆ. ವಯಸ್ಸಾದಂತೆ ಒಂದರ ಗೋಡೆ ಉಬ್ಬಿ, ಚೀಲವಾಗಿ, ಮೂಲ ನಳಿಕೆಯಿಂದ ಕಳಚಿಕೊಂಡರೆ ನಾನು. ಗೋಡೆ ತೆಳು, ಒಳಗೆ ತಿಳಿನೀರು. ಶಬ್ದದ ಅಲೆ ಬಂದರೆ ತಡೆಯೋದಿಲ್ಲ, ಸಲೀಸಾಗಿ ದಾಟಿಸ್ತೀನಿ. ಅದಕ್ಕೇ ಪರದೆ ಮೇಲೆ ನಾನು ಕಪ್ಪು, ನನ್ನ ಬೆನ್ನ ಹಿಂದೆ ಜಾಸ್ತಿ ಬಿಳುಪು. ಈ ರಾಜ್ಯದಲ್ಲಿ ಇಷ್ಟು ಪಾರದರ್ಶಕವಾದ ಇನ್ನೊಂದು ಸಂಸ್ಥೆ ಇದ್ದರೆ ತೋರಿಸಿ.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು ಎಲ್ಲ ನಡೀತಿದೆಯಂತಲ್ಲ?

ಬೆಳಿಗ್ಗೆ ಐದಕ್ಕೇ ಶುರು. ಕಲ್ಲಿಗೆ ಹೇಳಿದ ಮದ್ದನ್ನೆಲ್ಲ ನನಗೆ ಕುಡಿಸ್ತಿದ್ದಾರೆ. ನಾನು ಕಲ್ಲಲ್ಲ, ಮೂತ್ರ ಹರಿಯೋ ಹಾದಿಯಲ್ಲೂ ಇಲ್ಲ. ಕಳಚಿಕೊಂಡವನು ಅಂದೆನಲ್ಲ! ಆ ರಸವೆಲ್ಲ ನನ್ನ ಮನೆ ಮುಂದೆಯೇ ಹಾದು ಹೋಗುತ್ತೆ, ಒಳಗೆ ಬರೋದಿಲ್ಲ. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಓಡೋ ಮೇಷ್ಟ್ರು, 'ಕಿಡ್ನಿ ಕೆಲಸ ಮಾಡ್ತಿಲ್ಲ' ಅಂತ ಗೊಣಗ್ತಾರೆ.

ನಿಮ್ಮಲ್ಲೂ ಜಾತಿಪದ್ಧತಿ ಇದೆ ಅಂತಾರೆ.

ಇದೆ. ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ವಿಂಗಡಿಸಿದರು. 1, 2, 3, 4; ನಡುವೆ 2ಎಫ್ ಅಂತ ಒಂದು ಆಮೇಲೆ ಸೇರಿತು. 2019ರಲ್ಲಿ ನಿಯಮ ಪರಿಷ್ಕರಿಸಿ ಎಂಆರ್‌ಐಗೂ ಜಾಗ ಕೊಟ್ಟರು. ಇಲ್ಲಿ ಕುಲ ನೋಡಲ್ಲ, ಗೋಡೆ ನೋಡ್ತಾರೆ. ದಪ್ಪವಾಗಿದೆಯಾ, ಒಳಗೆ ತಡಿಕೆಗಳೆಷ್ಟು, ಗಂಟು ಇದೆಯಾ, ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಸಿಟಿ ಮಾಡಿದರೆ ಗೋಡೆ ಹೊಳೆಯುತ್ತಾ? ನಾನು ಒಂದನೇ ವರ್ಗ, ಮತ್ತೆ ಮತ್ತೆ ನೋಡೋ ಅಗತ್ಯವೇ ಇಲ್ಲದವನು. 2ಎಫ್‌ನವರು ಕೆಲವು ವರ್ಷ ಹಾಜರಿ ಹಾಕಬೇಕು. ಮೂರನೆಯವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್, ನಾಲ್ಕರಲ್ಲಿ ಬಹುಪಾಲು. ಬಡ್ತಿ ಸಿಕ್ಕರೆ ಮನೆಯವರು ಅಳೋ ಇಲಾಖೆ ಇದೊಂದೇ ಇರಬೇಕು.

ಹಾಗಾದರೆ ಈ ಎರಡನೇ ಸ್ಕ್ಯಾನಿಂಗ್?

ನಾನು ಬೇಡ ಅಂದೆ. ಪ್ಯಾಕೇಜಿನಲ್ಲಿ ರಿಯಾಯಿತಿ ಇತ್ತು.

ಸೂಜಿ ಚುಚ್ಚಿ ನೀರು ತೆಗೆಸೋಣ ಅಂತ ಅಳಿಯಂದಿರು ಹಟ ಹಿಡಿದಿದ್ದಾರೆ.

ನಾನು ದೊಡ್ಡವನಾಗಿ ಪಕ್ಕೆನೋವು ಕೊಟ್ಟರೆ, ಮೂತ್ರದ ದಾರಿ ಒತ್ತಿದರೆ, ಸೋಂಕಾಗಿ ಚಳಿಜ್ವರ ಬಂದರೆ, ಆಗ ವೈದ್ಯರು ಆ ಮಾತೆತ್ತಲಿ. ಮೂತ್ರದಲ್ಲಿ ರಕ್ತ ಕಂಡರಂತೂ ನನ್ನ ಹತ್ತಿರ ಸಂದರ್ಶನಕ್ಕೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸುಮ್ಮನೆ ನೀರು ತೆಗೆದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ತೀನಿ. ಅದಕ್ಕೇ ಒಳಗೆ ಆಲ್ಕೋಹಾಲ್ ಬಿಟ್ಟು ಗೋಡೆಯ ಒಳಪದರ ಸುಡ್ತಾರೆ; ಇಲ್ಲವೇ ಲ್ಯಾಪರೋಸ್ಕೋಪಿಯಲ್ಲಿ ಛಾವಣಿ ಕತ್ತರಿಸ್ತಾರೆ. ಆಲ್ಕೋಹಾಲ್ ಅಂದಾಗ ಮೇಷ್ಟ್ರು ಕೇಳಿದ್ದು ನೋವಾಗುತ್ತಾ ಅಂತಲ್ಲ, ಶ್ರಾವಣ ಕಳೆದ ಮೇಲೆ ಮಾಡಿಸಬಹುದಾ ಅಂತ.

ಸೊಸೆಯ ಪಿಸಿಒಡಿಯೇ ಮಾವನಿಗೂ ಬಂದಿದೆ ಅಂತ ಹಾವೇರಿಯಲ್ಲಿ ಅಭಿಪ್ರಾಯ.

(ಗುಳ್ಳೆ ಅಲುಗಿತು. ಬಹುಶಃ ನಗು.) ಅದು ಅಂಡಾಶಯದ್ದು, ಹಾರ್ಮೋನಿನ ಸಮಾಚಾರ. ಸೊಸೆಯಿಂದ ಮಾವನಿಗೆ ಬರೋದು ಕಾಫಿ ಮಾತ್ರ. ಆದರೆ ಹೆಸರು ಹತ್ತಿರವಿರುವ ಒಬ್ಬರಿದ್ದಾರೆ, ಅವರ ವಿಷಯದಲ್ಲಿ ನಾನು ತಮಾಷೆ ಮಾಡೋದಿಲ್ಲ. ಪಾಲಿಸಿಸ್ಟಿಕ್ ಕಿಡ್ನಿ. ಹೆಚ್ಚಿನವರಲ್ಲಿ 16ನೇ ವರ್ಣತಂತುವಿನ ಒಂದು ಜೀನ್ ಕೆಟ್ಟಿರುತ್ತೆ, ಉಳಿದವರಲ್ಲಿ ಬಹುಪಾಲು 4ನೆಯದರದ್ದು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎರಡೂ ಮೂತ್ರಪಿಂಡ ಗುಳ್ಳೆಗಳಿಂದ ತುಂಬಿ, ಚಿಕ್ಕ ವಯಸ್ಸಿಗೇ ಬಿಪಿ ಏರಿ, ಎಷ್ಟೋ ಜನ ಡಯಾಲಿಸಿಸ್‌ವರೆಗೆ ಹೋಗ್ತಾರೆ. ಕೆಲವರಿಗೆ ಮೆದುಳಿನ ರಕ್ತನಾಳವೂ ಉಬ್ಬುತ್ತೆ. ಗುಳ್ಳೆ ಬೆಳೆಯೋದನ್ನು ನಿಧಾನ ಮಾಡೋ ಟಾಲ್ವಾಪ್ಟಾನ್ ಎಂಬ ಮಾತ್ರೆಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ನುಂಗುವವರು ಲಿವರಿನ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಆ ಮನೆಗಳಲ್ಲಿ ಗಾಬರಿಗೆ ಅರ್ಥವಿದೆ. ಆದರೆ ಅಂಥ ಮನೆಯವರೇ 'ಹುಡುಗಿಯ ಮದುವೆ ಆಗಬೇಕು' ಅಂತ ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಡೋದನ್ನೂ ಕೇಳಿದೀನಿ. ಒಂಟಿ ಗುಳ್ಳೆಗೆ ಊರೆಲ್ಲ ಡಂಗುರ, ಅದಕ್ಕೆ ಬೀಗಮುದ್ರೆ!

ಒಟ್ಟಿನಲ್ಲಿ ಮೇಷ್ಟ್ರ ಮೂತ್ರಪಿಂಡಕ್ಕೆ ನಿಮ್ಮಿಂದ ತೊಂದರೆ ಇಲ್ಲ?

ನನ್ನಿಂದ ಇಲ್ಲ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು, ದಿನಾ ಎರಡರಂತೆ ನುಂಗ್ತಾರಲ್ಲ, ಆ ನೋವಿನ ಮಾತ್ರೆಯನ್ನು ಯಾಕೆ ಯಾರೂ ಸಂದರ್ಶನ ಮಾಡಲ್ಲ? ರಿಪೋರ್ಟಿನ ಮೊದಲ ಪುಟದಲ್ಲಿ ಬಿಪಿ 162/98 ಅಂತಿದೆ. ಮನೆಮಂದಿಯೆಲ್ಲ ನೇರ ನಾಲ್ಕನೇ ಪುಟಕ್ಕೆ ಹಾರಿದ್ದು, ನಾನು ದಪ್ಪಕ್ಷರದಲ್ಲಿದ್ದೆ ಅಂತ.

ಓದುಗರಿಗೆ ಏನಾದರೂ ಸಂದೇಶ?

ಸಂದೇಶ ಬೇಕಿದ್ದರೆ ಪಕ್ಕದ ಮನೆ ಲಿವರನ್ನು ಕೇಳಿ. ಅವರಿಗೆ 'ಗ್ರೇಡ್ 1 ಫ್ಯಾಟಿ' ಅಂತ ಬಂದಿದೆ. ಯಾರೂ ವಿಚಾರಿಸಿಲ್ಲ ಅಂತ ಬೇಜಾರಲ್ಲಿದ್ದಾರೆ.