ಡಬ್ಬದ ಮೇಲೆ ಡ್ರ್ಯಾಗನ್ ಬಿಡಿಸುವವರಿಗೊಂದು ಬಹಿರಂಗ ಪತ್ರ

ಗ್ರಾಫಿಕ್ಸ್ ಕಾರ್ಡ್ ತಯಾರಿಸುವವರು, ಡಬ್ಬಕ್ಕೆ ಚಿತ್ರ ಬರೆಸುವವರು, ಅದನ್ನು ಮಾರುವ ಅಂಗಡಿಯವರು, ಎಲ್ಲರ ಗಮನಕ್ಕೆ,

ಗ್ರಾಫಿಕ್ಸ್ ಕಾರ್ಡಿನ ಹಿಂಬದಿಯಲ್ಲಿ ಎಷ್ಟು ಪೋರ್ಟ್ ಇವೆ ಎಂಬುದು ಒಂದು ಲೆಕ್ಕ. ಅದು ಏಕಕಾಲಕ್ಕೆ ಎಷ್ಟು ಮಾನಿಟರ್ ನಡೆಸುತ್ತದೆ ಎಂಬುದು ಬೇರೆಯೇ ಲೆಕ್ಕ. ಮೊದಲನೆಯದನ್ನು ಬೆರಳಿಟ್ಟು ಎಣಿಸಬಹುದು. ಎರಡನೆಯದನ್ನು ಚಿಪ್ ನಿರ್ಧರಿಸುತ್ತದೆ, ಡಬ್ಬ ಮುಚ್ಚಿಡುತ್ತದೆ. ಎನ್ವಿಡಿಯಾದ ಜಿಫೋರ್ಸ್‌ನಲ್ಲಿ 2012ರ ಜಿಟಿಎಕ್ಸ್ 680 ಬರುವ ತನಕ ಒಂದು ಚಿಪ್ಪಿಗೆ ಎರಡೇ ಮಾನಿಟರ್. ಆ ಕಾರ್ಡು ನಾಲ್ಕನ್ನು ನಡೆಸಿತು. ಎಎಂಡಿಯವರು 2009ರಲ್ಲೇ ರೇಡಿಯಾನ್ ಎಚ್‌ಡಿ 5870ರಲ್ಲಿ ಮೂರು ನಡೆಸಿ ತೋರಿಸಿದ್ದರು. ಹಾಗೆಂದು ಹೊಸದೆಲ್ಲ ನಾಲ್ಕು ನಡೆಸುತ್ತದೆ ಎಂದುಕೊಳ್ಳುವಂತಿಲ್ಲ: ಆಮೇಲೆ ಬಂದ ಜಿಟಿ 1030ಕ್ಕೆ ಎರಡೇ ಗತಿ. ಹಳೆಯ ಅಗ್ಗದ ಕಾರ್ಡುಗಳಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಎಂದು ಮೂರು ಬಾಯಿ ಇದ್ದರೂ ಎಷ್ಟೋ ಕಾರ್ಡುಗಳಲ್ಲಿ ಮಾತಾಡುವುದು ಎರಡೇ. ಐದು ಪೋರ್ಟಿನ ದುಬಾರಿ ಕಾರ್ಡುಗಳಲ್ಲೂ ನಾಲ್ಕರ ಮಿತಿ ಇರುವುದುಂಟು.

ಈ ಒಂದಂಕಿಯ ಸಂಖ್ಯೆಗೆ ಡಬ್ಬದ ಮೇಲೆ ಜಾಗವಿಲ್ಲ. ಡ್ರ್ಯಾಗನ್‌ಗೆ ಜಾಗವಿದೆ. ಅದರ ಬಾಯಿಂದ ಬರುವ ಬೆಂಕಿಗೆ ಇನ್ನೂ ಹೆಚ್ಚು ಜಾಗವಿದೆ.

ಹಲವು ಮಾನಿಟರ್ ಬೇಕಾದವರೆಲ್ಲ ಆಟ ಆಡುವವರಲ್ಲ. ತಿಂಗಳ 20ನೇ ತಾರೀಖು ಹತ್ತಿರವಾದಾಗ ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಒಂದರಲ್ಲಿ ಟ್ಯಾಲಿ, ಒಂದರಲ್ಲಿ ಪೋರ್ಟಲ್, ಇನ್ನೊಂದರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದಿರಬೇಕು, ಅಷ್ಟೇ. ಅಂಥವರು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ, "ಯಾವ ಗೇಮ್ ಸಾರ್?" ಟ್ಯಾಲಿ ಎಂದರೆ ಒಂದು ನಗು, ಆಮೇಲೆ, "ಹನ್ನೆರಡು ಜಿಬಿದೇ ತಗೊಂಡ್ಬಿಡಿ ಸಾರ್, ಮುಂದಕ್ಕೂ ಆಗುತ್ತೆ." 1920×1080ರ ಒಂದು ಪರದೆಯ ಚಿತ್ರ ಕಾರ್ಡಿನ ಮೆಮೊರಿಯಲ್ಲಿ ಹಿಡಿಯುವ ಜಾಗ ಸುಮಾರು 8 ಎಂಬಿ, ಮೂರು ಪರದೆಗೆ 25 ಎಂಬಿ. ಬ್ರೌಸರ್ ತಿನ್ನುವುದನ್ನು ಸೇರಿಸಿದರೂ 12 ಜಿಬಿಯ ಬಹುಪಾಲು ಡ್ರ್ಯಾಗನ್ ಮಲಗುವುದಕ್ಕೇ ಸರಿ.

ಕಾರ್ಡೇ ಬೇಡದ ಸಂದರ್ಭವೂ ಇದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. 2012ರ ಐವಿ ಬ್ರಿಡ್ಜ್‌ನಿಂದಲೇ ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಮೂರು ಮಾನಿಟರ್ ನಡೆಸಬಲ್ಲದು, ಮದರ್‌ಬೋರ್ಡಿನಲ್ಲಿ ಅಷ್ಟು ಪೋರ್ಟ್ ಇದ್ದರೆ. ಪ್ರೊಸೆಸರಿನ ಹೆಸರು 'ಎಫ್' ಎಂದು ಮುಗಿದರೆ ಮಾತ್ರ ಆ ಆಸೆ ಬಿಡಬೇಕು. ಅದರಲ್ಲಿ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ.

4ಕೆ ಮಾನಿಟರ್ ಆದರೆ ಎಚ್‌ಡಿಎಂಐ 1.4 ಸಾಲದು: ಸೆಕೆಂಡಿಗೆ 30 ಚಿತ್ರವಷ್ಟೇ ಬಂದು ಮೌಸಿನ ಬಾಣ ಕುಂಟುತ್ತದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2. ವಿಜಿಎ ಮಾನಿಟರ್ ಉಳಿಸಿಕೊಂಡವರಿಗೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಏಕೆಂದರೆ 2016ರ ಜಿಟಿಎಕ್ಸ್ 10 ಸರಣಿಯಿಂದ ಜಿಫೋರ್ಸ್ ಅನಲಾಗ್ ಸಿಗ್ನಲ್ಲನ್ನೇ ಕೈಬಿಟ್ಟಿತು.

ಉಳಿದದ್ದು ಕೇಬಲ್. ಒಂದು ತುದಿಗೆ ಡಿಸ್‌ಪ್ಲೇಪೋರ್ಟ್, ಇನ್ನೊಂದಕ್ಕೆ ಎಚ್‌ಡಿಎಂಐ ಇರುವ ಅಗ್ಗದ ಕೇಬಲನ್ನು "ಎರಡೂ ಕಡೆ ನಡೆಯುತ್ತೆ ಸಾರ್" ಎಂದು ಕೊಡುತ್ತಾರೆ. ನಡೆಯುವುದಿಲ್ಲ. ಕಾರ್ಡಿನ ಡಿಸ್‌ಪ್ಲೇಪೋರ್ಟ್ ಅಂಥ ಕೇಬಲ್ ಸಿಕ್ಕಿಸಿದ್ದನ್ನು ಗುರುತಿಸಿ ಎಚ್‌ಡಿಎಂಐ ಸಿಗ್ನಲ್ಲನ್ನೇ ಕಳಿಸಬಲ್ಲದು. ಎಚ್‌ಡಿಎಂಐ ಪೋರ್ಟಿಗೆ ಆ ವಿದ್ಯೆ ಗೊತ್ತಿಲ್ಲ. ತಿರುಗಿಸಿ ಹಾಕಿದರೆ ಮಾನಿಟರ್ 'ನೋ ಸಿಗ್ನಲ್' ಎಂದು ಅತ್ತಿತ್ತ ತೇಲಿಸಿ ಕಪ್ಪಾಗುತ್ತದೆ. ಗಿರಾಕಿ ಮತ್ತೆ ಬಸ್ಸು ಹತ್ತಿ ಬಂದು ಕೇಳಿದರೆ, "ಮಾನಿಟರ್ ಹಳೇದು ಸಾರ್, ಡ್ರೈವರ್ ಹಾಕ್ನೋಡಿ" ಎಂಬ ಉತ್ತರ, ಮಾರಿದ ಮಾಲು ವಾಪಸಿಲ್ಲ ಎಂಬ ಬೋರ್ಡು. ಇದು ತಿಳಿವಳಿಕೆಯ ಕೊರತೆಯಲ್ಲ, ಸೋಮಾರಿತನ. ಹಣ ಎಣಿಸಿಕೊಂಡ ಮೇಲೆ ಬರುವ ಸೋಮಾರಿತನ. ಡಬ್ಬದ ಮೇಲೆ 'ಏಕಕಾಲಕ್ಕೆ ಇಷ್ಟು ಮಾನಿಟರ್' ಎಂಬ ಅಂಕಿಯನ್ನು ಡ್ರ್ಯಾಗನ್ನಿನ ಹೊಟ್ಟೆಯ ಮೇಲಾದರೂ ಅಚ್ಚು ಹಾಕಿಸಬಹುದು. ಕೇಬಲ್ಲಿನ ಮೇಲೆ ಕಾರ್ಡಿನ ತುದಿ ಯಾವುದು, ಮಾನಿಟರಿನ ತುದಿ ಯಾವುದು ಎಂದು ತೋರಿಸುವ ಒಂದು ಬಾಣದ ಗುರುತು ಸಾಕು.