ತೊಟ್ಟು ನೀರೂ ನುಸುಳದ ದೋಣಿ

ದೋಣಿ ಕಟ್ಟುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಬಿದಿರಿನ ದಬ್ಬೆ ಬಗ್ಗಿಸಿ, ತಂತಿ ಬಿಗಿದು, ಮೇಲೆ ಕ್ಯಾನ್ವಾಸ್ ಎಳೆದು ದಬ್ಬಳದಲ್ಲಿ ಹೊಲಿದರೆ ಆಕಾರ ಬಂದುಬಿಡುತ್ತದೆ. ಭದ್ರಾವತಿಯ ಜನ್ನಾಪುರದ ನಮ್ಮ ಹಿತ್ತಲಲ್ಲೂ ಬಂತು. ಗ್ರೀನ್‌ಲ್ಯಾಂಡಿನವರು ಸೀಲ್ ಚರ್ಮ ಹೊದಿಸಿ ಮಾಡುತ್ತಿದ್ದ ಕಯಾಕಿನ ಮಾದರಿ ಇದು ಎಂದು ಮನೆಯವರಿಗೆಲ್ಲ ವಿವರಿಸಿದೆ. ಹೆಂಡತಿ ಒಂದು ಸುತ್ತು ಹಾಕಿ ನೋಡಿ, "ಒಳ್ಳೇ ಹಾಗಲಕಾಯಿ ಥರ ಇದೆ ಕಣ್ರೀ. ತೇಲುತ್ತಾ?" ಎಂದಳು.

ಕಷ್ಟವಿರುವುದು ಅಲ್ಲೇ. ಬಟ್ಟೆಗೆ ನೀರು ಇಳಿಯದಂತೆ ಏನು ಬಳಿಯಬೇಕು? ನಮ್ಮ ನಾಡಿನಲ್ಲಿ ಇದು ಹಳೆಯ ಪ್ರಶ್ನೆ. 1520ರ ಸುಮಾರಿಗೆ ಆನೆಗೊಂದಿಯ ಕಡವು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ ಹೊರಗೆ ಚರ್ಮ ಇರುವ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟಬಹುದು ಎಂದು ಬರೆದಿಟ್ಟಿದ್ದಾನೆ. ಅದೇ ನಮ್ಮ ಹರಿಗೋಲು. ಈಗ ಚರ್ಮ ಹೋಗಿ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ.

"ಡಾಂಬರು ಹೊಡ್ದು ಕೈ ತೊಳ್ಕೊಳ್ಳಿ ಸಾರ್" ಎಂದರು ಪಕ್ಕದ ಮನೆಯ ನಿವೃತ್ತರು. ಭದ್ರಾವತಿಯವನಿಗೆ ಇದನ್ನು ಹೇಳಿಕೊಡಬೇಕೆ? 1918ರಲ್ಲಿ ಶುರುವಾದಾಗ ನಮ್ಮ ಕಾರ್ಖಾನೆಯ ಹೆಸರೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕುಲುಮೆಗೆ ಇದ್ದಿಲು ಬೇಕೆಂದು ಕಾಡಿನ ಸೌದೆಯನ್ನು ಬಟ್ಟಿ ಇಳಿಸಿದರೆ ಜೊತೆಗೆ ಮರದ ಡಾಂಬರೂ ಇಳಿಯುತ್ತದೆ. ಹಿಂದಿನ ಹಡಗಿನವರು ಹಲಗೆ, ಹಗ್ಗಗಳಿಗೆಲ್ಲ ಹಚ್ಚುತ್ತಿದ್ದದ್ದು ಅಂಥದ್ದನ್ನೇ. ಆದರೆ ಡಾಂಬರು ಕಪ್ಪು. ನನಗೆ ನೀಲಿ ದೋಣಿ ಬೇಕಿತ್ತು. ಪೇಂಟ್ ಅಂಗಡಿಗೆ ಹೋಗಿ ಅಗಸೆ ಎಣ್ಣೆ ತಂದೆ.

ಅತ್ತೆ ದಾವಣಗೆರೆ ಕಡೆಯವರು. "ಚಟ್ನಿಪುಡಿ ಮಾಡೋ ಅಗಸೇನ ದೋಣಿಗೆ ಬಳೀತೀರಾ?" ಎಂದು ನೊಂದುಕೊಂಡರು. ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ನೂಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ ಎಂದು ಪಾಠ ಮಾಡಿದೆ.

"ಗಾಳಿ ಹೀರ್ಕೊಳ್ಳುತ್ತಾ? ಈ ಜೂನ್ ತಿಂಗಳಾಗೆ ಗಾಳಿ ಎಲ್ಲೈತೆ, ಬರೀ ಮಳೆ."

ಅತ್ತೆಯ ರಸಾಯನಶಾಸ್ತ್ರವೇ ಗೆದ್ದಿತು. ಥಂಡಿಗೆ ಎಣ್ಣೆ ಅಂಟಂಟಾಗಿಯೇ ಉಳಿದು, ದೋಣಿ ನಡುಮನೆಗೆ ಬಂತು. ಟಿ.ವಿ. ನೋಡುವವರು ಅದರ ಆಚೆ ಕತ್ತು ಚಾಚಿ ನೋಡಬೇಕು. ಮಗಳು ಅದರ ಮೇಲೆ ಸಾಕ್ಸು ಹರವಿದಳು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಳಗೊಳಗೇ ಕಾವು ಏರಿ ತಾವೇ ಹೊತ್ತಿಕೊಳ್ಳಬಹುದು. ಇದು ನಿಜ. ಅದಕ್ಕೇ ಒಂದೊಂದನ್ನೇ ಬಿಡಿಸಿ ತಂತಿಯ ಮೇಲೆ ಹರವುತ್ತಿದ್ದೆ. ತನ್ನ ಹಳೇ ಸೀರೆಯ ಸೆರಗು ಅಲ್ಲಿ ತೂಗುವುದನ್ನು ಕಂಡ ಹೆಂಡತಿ, "ಈ ಊರಿಗೆ ಮುಂಚೆ ಬೆಂಕಿಪುರ ಅಂತಿದ್ರು. ಮತ್ತೆ ಆ ಹೆಸರು ಬರೋ ಹಾಗೆ ಮಾಡ್ಬೇಡಿ" ಎಂದಳು.

ಅಂತೂ ಎಣ್ಣೆ ಗಟ್ಟಿಯಾಯಿತು. ಮೇಲೆ ನೀಲಿ ಎನಾಮೆಲ್ ಎರಡು ಕೈ ಹೊಡೆದೆ. ಅಷ್ಟರಲ್ಲಿ ಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹೊಳೆಗಿಳಿಯುವ ಮಾತೆತ್ತಲು ಮನೆಯಲ್ಲಿ ಯಾರೂ ಬಿಡಲಿಲ್ಲ. ನಾನೂ ಹೆಚ್ಚು ಹಟ ಮಾಡಲಿಲ್ಲ ಅನ್ನಿ. ದೋಣಿ ಅಂಗಳ ಸೇರಿತು. ಬೋರಲು ಹಾಕಲಿಲ್ಲ, ಬಣ್ಣ ಉಜ್ಜಿಹೋದರೆ?

ರಾತ್ರಿಯಿಡೀ ಸುರಿದ ಮಳೆಗೆ ದೋಣಿ ಹೊಟ್ಟೆಯುಬ್ಬಿಸಿಕೊಂಡು ಅಂಚಿನವರೆಗೂ ತುಂಬಿತ್ತು. ಹೊಲಿಗೆಗಳ ಕೆಳಗೆಲ್ಲ ಕೈಯಾಡಿಸಿ ನೋಡಿದೆ. ಒಳಗಿನ ನೀರು ಒಂದು ತೊಟ್ಟೂ ಹೊರಗೆ ಬಂದಿರಲಿಲ್ಲ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಹೆಂಡತಿ ಮಾತಾಡದೆ ಒಳಗೆ ಹೋಗಿ ಒಂದು ಚೊಂಬು ತಂದು ಅಂಚಿಗೆ ನೇತುಹಾಕಿದಳು. ಅಂದಿನಿಂದ ನಲ್ಲಿ ಕೈಕೊಟ್ಟಾಗ ಪಾತ್ರೆ ತೊಳೆಯಲು ಅದೇ ನೀರು.

ಡೆಂಗಿ ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಡ್ರಮ್ಮು, ಟೈರು, ಹೂಕುಂಡ ಎಲ್ಲ ನೋಡಿ ಮುಗಿಸಿ, ದೋಣಿಯ ಮುಂದೆ ಪೆನ್ನು ಹಿಡಿದು ನಿಂತಳು.

"ಸಾರ್, ಇದನ್ನ ಏನಂತ ಬರ್ಕೊಳ್ಳಿ?"

"ಕಯಾಕ್ ಅಂತ ಬರೀರಿ" ಎಂದೆ, ಗತ್ತಿನಿಂದ.

ಒಳಗಿನಿಂದ ಅತ್ತೆಯ ದನಿ ಬಂತು: "ತೊಟ್ಟಿ ಅಂತ ಬರ್ಕೋ ತಾಯಿ. ಮುಚ್ಚಳ ಇಲ್ಲ ಅಂತಾನೂ ಬರ್ಕೋ."