ರೈನ್ ಬತ್ತಿದರೂ ತೇಲುವ ಯೋಜನೆ

ರಾಸಾಯನಿಕ ಕಂಪನಿಯ ಹವಾಮಾನ ಯೋಜನೆಯನ್ನು ಓದುವಾಗ ಮುಖಪುಟದ ಹಸಿರೆಲೆಗೆ ಕೈಮುಗಿದು ನೇರ ಲೆಕ್ಕದ ಪುಟಕ್ಕೆ ಹೋಗಬೇಕು. ಜರ್ಮನಿಯ ಬಿಎಎಸ್‌ಎಫ್ ಕಂಪನಿ 2018ರಲ್ಲಿ ಬಿಟ್ಟ ಹಸಿರುಮನೆ ಅನಿಲ 2.19 ಕೋಟಿ ಟನ್. 2030ಕ್ಕೆ ಅದನ್ನು 1.64 ಕೋಟಿಗೆ ಇಳಿಸುತ್ತೇವೆ, 2050ಕ್ಕೆ ನೆಟ್ ಝೀರೋ ಎಂಬುದು ವಾಗ್ದಾನ. 2023ರಲ್ಲೇ ಲೆಕ್ಕ 1.69 ಕೋಟಿಗೆ ಬಂದು ನಿಂತಿತು. ಭಲೇ!

ಗಾಳಿ, ಬಿಸಿಲಿನ ಕರೆಂಟಿಗೂ ಇದರಲ್ಲಿ ಪಾಲಿದೆ, ಇಲ್ಲವೆನ್ನಬಾರದು. ಆದರೆ ರಷ್ಯಾದ ಗ್ಯಾಸ್ ನಿಂತು, ದರ ಗಗನಕ್ಕೇರಿ, ಉತ್ಪಾದನೆಯೇ ತಗ್ಗಿದ್ದಕ್ಕೂ ಇದೆ. ರೈನ್ ದಡದಲ್ಲಿರುವ ಕಂಪನಿಯ ಮುಖ್ಯ ನೆಲೆ ಲುಡ್ವಿಗ್ಸ್‌ಹಾಫೆನ್‌ನ ಒಂದು ಅಮೋನಿಯಾ ಘಟಕವನ್ನು ಮುಚ್ಚುವ ಘೋಷಣೆಯೂ ಅದೇ ವರ್ಷ ಬಂತು. ಅಕ್ಕಿ ಡಬ್ಬಿ ಬರಿದಾದ ದಿನವನ್ನೆಲ್ಲ ಏಕಾದಶಿ ಅಂತ ಬರೆದುಕೊಂಡರೆ ಪುಣ್ಯ ಹೀಗೇ ಬೆಳೆಯುತ್ತದೆ.

ಕಚ್ಚಾ ತೈಲದಿಂದ ಬರುವ ನಾಫ್ತಾವನ್ನು ರಾಸಾಯನಿಕಗಳಿಗಾಗಿ ಒಡೆಯುವ ಸ್ಟೀಮ್ ಕ್ರ್ಯಾಕರಿಗೆ ಸುಮಾರು 850 ಡಿಗ್ರಿ ಕಾವು ಬೇಕು. ಗ್ಯಾಸಿನ ಬದಲು ಕರೆಂಟಿನಲ್ಲಿ ಕಾಯುವ ಕುಲುಮೆಯನ್ನು ಸಾಬಿಕ್, ಲಿಂಡೆ ಕಂಪನಿಗಳ ಜೊತೆಗೂಡಿ 2024ರಲ್ಲಿ ಉದ್ಘಾಟಿಸಿದರು. ಗಂಟೆಗೆ ಸುಮಾರು 4 ಟನ್ ಕಚ್ಚಾವಸ್ತು ಸಂಸ್ಕರಿಸುವ ಪ್ರಾಯೋಗಿಕ ಘಟಕ. ಸರ್ಕಾರದ ನೆರವು 1.48 ಕೋಟಿ ಯೂರೊ. ಎಂಜಿನಿಯರುಗಳ ಕೆಲಸ ದೊಡ್ಡದೇ. ಅವರ ಕುಲುಮೆಗಿಂತ ಅದರ ಫೋಟೊ ಜಾಸ್ತಿ ದುಡಿಯುತ್ತಿದ್ದರೆ ಅದು ಅವರ ತಪ್ಪಲ್ಲ.

ಇನ್ನು ಮಾರಿದ ಮಾಲು. ಕೊಂಡುತರುವ ಕಚ್ಚಾವಸ್ತುವಿನ ಹೊಗೆಯನ್ನು ಗುರಿಯೊಳಗೆ ಸೇರಿಸಿಕೊಂಡಿದ್ದಾರೆ. ಗಿರಾಕಿಯ ಕೈ ಸೇರಿದ ಪ್ಲಾಸ್ಟಿಕ್ ಮುಂದೆಂದೋ ಕಸದ ಒಲೆಯಲ್ಲಿ ಉರಿದರೆ? ಮಗಳು ಗಂಡನ ಮನೆಗೆ ಹೋದಳು, ನಮಗೇನು ಸಂಬಂಧ!

ಹಾಗಂತ ಕಂಪನಿಗೆ ಹವಾಮಾನ ಅರ್ಥವಾಗಿಲ್ಲ ಎನ್ನಲಾಗದು. ಹೋಲಿಕೆಗೆ ಆರಿಸಿಕೊಂಡ ಅದೇ 2018ರಲ್ಲಿ ರೈನ್ ನದಿ ಬತ್ತಿತು. ನದಿದಡದ ಕೌಬ್ ಪಟ್ಟಣದ ಬಳಿ ದೋಣಿಗಳು ಅರೆಬರೆ ಸರಕು ಹೊತ್ತು ತೆವಳಿದವು. ಕಂಪನಿಗೆ ಬಿದ್ದ ಪೆಟ್ಟು ಸುಮಾರು 25 ಕೋಟಿ ಯೂರೊ. ಆಗ ಯಾರೂ 2050ರ ಮಾತೆತ್ತಲಿಲ್ಲ. ಕೌಬ್‌ನ ನೀರಿನ ಮಟ್ಟದ ಮಾಪಕ 30 ಸೆಂಟಿಮೀಟರ್ ತೋರಿಸಿದರೂ ನೂರಾರು ಟನ್ ಹೊತ್ತು ದಾಟಬಲ್ಲ, 135 ಮೀಟರ್ ಉದ್ದದ ಟ್ಯಾಂಕರ್ ಹಡಗಿಗೆ ಏರ್ಪಾಡು ಮಾಡಿದರು. 2023ರಲ್ಲಿ ಅದು ಕೆಲಸಕ್ಕೂ ಇಳಿಯಿತು.

ಇಷ್ಟು ಸೆಂಟಿಮೀಟರ್, ಇಷ್ಟು ಟನ್. ಪ್ರಾಯೋಗಿಕವಲ್ಲ, ಪೂರ್ತಿ ಗಾತ್ರದ್ದು. ಭೂಮಿ ಕಾಯುತ್ತಿದೆ ಎಂಬುದನ್ನು ಆಡಳಿತ ಮಂಡಳಿ ಮನಸಾರೆ ನಂಬಿದೆ ಎನ್ನುವುದಕ್ಕೆ ನನಗೆ ಸಿಕ್ಕ ಗಟ್ಟಿ ಪುರಾವೆ ಈ ಹಡಗೇ. ಪೂರ್ತಿ ಅಂಕ ಕೊಟ್ಟಿದ್ದೇನೆ. ಉಳಿದ ಪುಟಗಳ ಮೌಲ್ಯಮಾಪನ 2050ರಲ್ಲಿ.